ಕರಾವಳಿಯಿಂದ ಅಂಡಮಾನಿಗೆ: ದ್ವೀಪದ ರಜೆಯಲ್ಲಿ ಸಾಹಸ ಚಟುವಟಿಕೆಗಳನ್ನು ಯೋಜಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಮತ್ತು ಮಂಗಳೂರಿನ ಬಂಧುಗಳು, ಸಹೋದ್ಯೋಗಿಗಳು, ಅವರ ಮೂಲಕ ಪರಿಚಯವಾದವರು ಅಂಡಮಾನಿಗೆ ಹೊರಡುವ ಮೊದಲು ನನ್ನಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಾವು ಕಡಲ ಬದಿಯವರು, ನಮಗೆ ನೀರಿನ ವಿಷಯ ಹೇಳಿಕೊಡಬೇಕಿಲ್ಲ ಎಂಬ ಭಾವನೆ ಈ ಪ್ರಶ್ನೆಗಳ ಹಿಂದೆ ಹಲವು ಸಲ ಕಂಡಿದೆ. ಆದರೆ ಮಲ್ಪೆಯ ಕಡಲನ್ನು ಬಲ್ಲವರಿಗೆ ಬಂಗಾಳ ಕೊಲ್ಲಿಯ ಕಡಲು ತಿಳಿದಿರುವುದಿಲ್ಲ. ಅದರ ಋತು, ಅದರ ಭರತ, ಅದರ ಹೊತ್ತು ಎಲ್ಲವೂ ಬೇರೆ. ಯೋಜನೆಯನ್ನು ಚಟುವಟಿಕೆಗಳ ಪಟ್ಟಿಯಿಂದ ಆರಂಭಿಸದೆ ಕಡಲಿನಿಂದ ಆರಂಭಿಸಬೇಕು ಎಂಬುದೇ ಇಲ್ಲಿನ ಬಹುತೇಕ ಉತ್ತರಗಳ ತಿರುಳು.

ಲಕ್ಷದ್ವೀಪ ನಮಗೆ ಹತ್ತಿರವಿರುವಾಗ ಅಂಡಮಾನಿಗೇ ಏಕೆ ಹೋಗಬೇಕು?

ದೂರದ ಲೆಕ್ಕದಲ್ಲಿ ಲಕ್ಷದ್ವೀಪವೇ ಹತ್ತಿರ. ಅಮಿನಿ, ಕಡ್ಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು, ಮತ್ತು ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ದ್ವೀಪಕ್ಕೆ ಸಾಮಾನು ಹೇರಿಕೊಳ್ಳುವ ಮಂಜಿಗಳನ್ನು (ಮರದ ಸರಕು ಹಡಗುಗಳನ್ನು) ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಲಕ್ಷದ್ವೀಪದ 36 ದ್ವೀಪಗಳಲ್ಲಿ 10ರಲ್ಲಿ ಮಾತ್ರ ಜನವಸತಿ ಇದೆ. ಅಲ್ಲಿಗೆ ಹೋಗಲು ಭಾರತೀಯರೂ ಪ್ರವೇಶ ಪರವಾನಗಿ ಪಡೆಯಬೇಕು, ಮತ್ತು ಪ್ರವಾಸಿಗರಿಗೆ ಹಡಗಾಗಲಿ ಅಗತ್ತಿಯ ವಿಮಾನವಾಗಲಿ ಮುಖ್ಯವಾಗಿ ಕೊಚ್ಚಿಯಿಂದಲೇ ಸಿಗುತ್ತದೆ.

ಹವಳದ ಆವರಣದೊಳಗಿನ ನಿಶ್ಚಲ ನೀರಿನಲ್ಲಿ ಕಯಾಕಿಂಗ್ (ಕಿರುದೋಣಿಗೆ ಹುಟ್ಟು ಹಾಕುವುದು) ಮತ್ತು ಸ್ನಾರ್ಕೆಲಿಂಗ್ (ಉಸಿರಿನ ಕೊಳವೆ ಕಚ್ಚಿಕೊಂಡು ಮೇಲ್ಮೈಯಲ್ಲಿ ತೇಲುತ್ತ ಕೆಳಗೆ ನೋಡುವುದು) ಅಷ್ಟೇ ಸಾಕು ಎನ್ನುವವರಿಗೆ ಲಕ್ಷದ್ವೀಪಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲಿ ಬೆಟ್ಟವಿಲ್ಲ, ದಟ್ಟ ಕಾಡಿಲ್ಲ. ಅಂಡಮಾನಿನ ದ್ವೀಪಗಳು ಕಡಲಿನಲ್ಲಿ ಮುಳುಗಿದ ಪರ್ವತಶ್ರೇಣಿಯೊಂದರ ನೆತ್ತಿಗಳು. ಆದ್ದರಿಂದ ಹವಳದ ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ವನ, ಮಳೆಕಾಡು, ಚಾರಣದ ದಾರಿ ಎಲ್ಲವೂ ಒಂದೇ ಪ್ರವಾಸದಲ್ಲಿ ಸಿಗುತ್ತವೆ. ಸಾಮಾನ್ಯ ಪ್ರವಾಸಿಗರು ಹೋಗುವ ಅಂಡಮಾನಿನ ದ್ವೀಪಗಳಿಗೆ ಭಾರತೀಯರಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ, ನಿಕೋಬಾರಿಗೆ ಮಾತ್ರ ಬೇಕು.

ಹೆಸರುಗಳೇ ಗೊಂದಲ ಹುಟ್ಟಿಸುತ್ತಿವೆ. ಹ್ಯಾವ್ಲಾಕ್ ಮತ್ತು ಸ್ವರಾಜ್ ದ್ವೀಪ ಬೇರೆ ಬೇರೆಯೇ?

ಎರಡೂ ಒಂದೇ. 2018ರ ಡಿಸೆಂಬರಿನಲ್ಲಿ ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ ಎಂದು ಹೆಸರಿಡಲಾಯಿತು. 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಹಳೆಯ ಹೆಸರುಗಳು ಇನ್ನೂ ಬಳಕೆಯಲ್ಲಿರುವುದರಿಂದ ಟಿಕೆಟ್ ಕಾಯ್ದಿರಿಸುವಾಗ ಎರಡನ್ನೂ ನೆನಪಿಟ್ಟುಕೊಳ್ಳುವುದು ಕ್ಷೇಮ.

ಮಕ್ಕಳಿಗೆ ದಸರಾ ರಜೆ ಇರುತ್ತದೆ. ಅಕ್ಟೋಬರಿನಲ್ಲಿ ಹೋಗಬಹುದೇ?

ನನ್ನ ಉತ್ತರ ಬೇಡ ಎಂದೇ. ಈ ಪ್ರಶ್ನೆ ನಮ್ಮ ಊರಿನವರಿಂದಲೇ ಹೆಚ್ಚಾಗಿ ಬರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಮಳೆಗಾಲದ ತುಳು ತಿಂಗಳುಗಳಾದ ಆಟಿ, ಸೋಣ ಕಳೆದು ನವರಾತ್ರಿ ಬರುವ ಹೊತ್ತಿಗೆ ಕಡಲು ತಣ್ಣಗಾಗುತ್ತದೆ ಮತ್ತು ಮಳೆಗಾಲವಿಡೀ ನಿಂತಿದ್ದ, ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ದೋಣಿಗಳು ಮತ್ತೆ ಹೊರಡುತ್ತವೆ. ಹೀಗಾಗಿ ಅಕ್ಟೋಬರ್ ಎಂದರೆ ಶಾಂತ ಕಡಲು ಎಂಬ ಎಣಿಕೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಅಂಡಮಾನಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಅಲ್ಲಿಗೆ ಎರಡು ಮಳೆಗಾಲಗಳಿವೆ. ನೈಋತ್ಯ ಮುಂಗಾರು ಕೇರಳವನ್ನು ಮುಟ್ಟುವ ಮೊದಲೇ, ಮೇ ತಿಂಗಳ ನಡುವಿನ ಹೊತ್ತಿಗೆ ಅಂಡಮಾನ್ ಸಮುದ್ರಕ್ಕೆ ಕಾಲಿಡುತ್ತದೆ. ಅದು ಹಿಂದೆ ಸರಿದ ಮೇಲೆ ಈಶಾನ್ಯ ಹಿಂಗಾರು ಆರಂಭವಾಗುತ್ತದೆ, ಮತ್ತು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹುಟ್ಟುವ ಕಾಲ. ಅವುಗಳಲ್ಲಿ ಹಲವು ಅಂಡಮಾನಿನ ಆಸುಪಾಸಿನಲ್ಲೇ ರೂಪುಗೊಳ್ಳುತ್ತವೆ. ಗಾಳಿ ಎದ್ದರೆ ದ್ವೀಪಗಳ ನಡುವಿನ ಹಡಗು ಸಂಚಾರ ನಿಲ್ಲುತ್ತದೆ, ನೀರು ಕದಡಿ ಹವಳ ಕಾಣಿಸುವುದಿಲ್ಲ, ಮತ್ತು ತುಂಬ ಖರ್ಚು ಮಾಡಿ ಹೋದವರು ಹೋಟೆಲಿನ ಜಗಲಿಯಲ್ಲಿ ಕುಳಿತು ಮಳೆ ನೋಡಬೇಕಾಗುತ್ತದೆ.

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ಕಾಲ ಒಳ್ಳೆಯದು. ಅದರಲ್ಲೂ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳನ್ನು ನಾನು ಮೊದಲು ಸೂಚಿಸುತ್ತೇನೆ. ಕ್ರಿಸ್‌ಮಸ್ ರಜೆಯಲ್ಲಿ ಹವೆ ಚೆನ್ನಾಗಿದ್ದರೂ ಜನಸಂದಣಿ ವಿಪರೀತ. ಶಾಲೆಯ ಮಕ್ಕಳಿರುವವರು ಬೇಸಿಗೆ ರಜೆಯ ಆರಂಭದಲ್ಲೇ, ಅಂದರೆ ಏಪ್ರಿಲಿನ ಎರಡನೆಯ ಮತ್ತು ಮೂರನೆಯ ವಾರದಲ್ಲಿ ಹೊರಡಬೇಕು. ಮೇ ತಿಂಗಳಿಗೆ ಮುಂದೂಡಿದರೆ ಮುಂಗಾರಿನ ಬಾಯಿಗೆ ಬಿದ್ದಂತೆ.

ಎಷ್ಟು ದಿನ ಬೇಕು, ಹೇಗೆ ತಲುಪುವುದು?

ಬಜ್ಪೆಯಿಂದ ಬೆಂಗಳೂರು ಅಥವಾ ಚೆನ್ನೈ ಮೂಲಕ ಶ್ರೀ ವಿಜಯಪುರಂಗೆ ವಿಮಾನದಲ್ಲಿ ಹೋಗುವುದು ಸುಲಭದ ದಾರಿ. ಬೆಂಗಳೂರಿನಿಂದ ಸುಮಾರು ಎರಡೂವರೆ ಗಂಟೆಯ ಹಾರಾಟ. ಚೆನ್ನೈ, ವಿಶಾಖಪಟ್ಟಣ, ಕೋಲ್ಕತ್ತಾಗಳಿಂದ ಹಡಗುಗಳೂ ಇವೆ, ಆದರೆ ಅವು ಮೂರು ನಾಲ್ಕು ದಿನ ತೆಗೆದುಕೊಳ್ಳುವುದರಿಂದ ಒಂದು ವಾರದ ರಜೆಯವರಿಗೆ ಹೊಂದುವುದಿಲ್ಲ.

ಆರು ರಾತ್ರಿಗಳಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಮೊದಲ ರಾತ್ರಿ ಶ್ರೀ ವಿಜಯಪುರಂ, ಅನಂತರ ಮೂರು ರಾತ್ರಿ ಸ್ವರಾಜ್ ದ್ವೀಪ, ಒಂದು ರಾತ್ರಿ ಶಹೀದ್ ದ್ವೀಪ, ಕೊನೆಯ ರಾತ್ರಿ ಮತ್ತೆ ಶ್ರೀ ವಿಜಯಪುರಂ ಎಂಬ ಹಂಚಿಕೆ ಚೆನ್ನಾಗಿ ನಡೆಯುತ್ತದೆ. ವಿಮಾನ ಹಿಡಿಯುವ ದಿನವೇ ಬೆಳಿಗ್ಗೆ ಸ್ವರಾಜ್ ದ್ವೀಪದಿಂದ ಹಡಗು ಹತ್ತುವ ಯೋಜನೆಯನ್ನು ದಯವಿಟ್ಟು ಮಾಡಬೇಡಿ. ಕಡಲು ಒಂದು ದಿನ ಕೆಟ್ಟರೆ ಬಜ್ಪೆಯವರೆಗಿನ ಟಿಕೆಟ್‌ಗಳೆಲ್ಲವೂ ಕೈತಪ್ಪುತ್ತವೆ. ಸ್ವರಾಜ್ ದ್ವೀಪದ ಮೂರು ರಾತ್ರಿಗಳಲ್ಲಿ ಒಂದು ಹಗಲನ್ನು ಏನೂ ನಿಗದಿ ಮಾಡದೆ ಬಿಡಬೇಕು, ಏಕೆಂದರೆ ಗಾಳಿಯಿಂದ ರದ್ದಾದ ಚಟುವಟಿಕೆಗೆ ಅದೇ ಬದಲಿ ದಿನವಾಗುತ್ತದೆ.

ದಿನದ ಹೊತ್ತನ್ನು ಹೇಗೆ ಹಂಚಿಕೊಳ್ಳಬೇಕು?

ಇದನ್ನು ಕೇಳುವವರು ಕಡಿಮೆ, ಆದರೆ ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಉಡುಪಿ ಸುಮಾರು 74.7 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಅಂಡಮಾನ್ 92.7 ಡಿಗ್ರಿಯ ಬಳಿ ಇದೆ. ನಡುವಿನ 18 ಡಿಗ್ರಿಗೆ, ಡಿಗ್ರಿಗೆ ನಾಲ್ಕು ನಿಮಿಷದಂತೆ, 72 ನಿಮಿಷಗಳ ವ್ಯತ್ಯಾಸವಾಗುತ್ತದೆ. ಆದರೂ ಎರಡೂ ಕಡೆ ಗಡಿಯಾರ ತೋರಿಸುವುದು ಒಂದೇ ಭಾರತೀಯ ಕಾಲಮಾನವನ್ನು. ಇದರ ಫಲವಾಗಿ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಏಪ್ರಿಲಿನಲ್ಲಿ ಬೆಳಿಗ್ಗೆ ಐದು ದಾಟುತ್ತಿದ್ದಂತೆ ಬೆಳಕು ಹರಿದಿರುತ್ತದೆ. ಮಲ್ಪೆಗೆ ಹೋಗುವಂತೆ ಸಂಜೆ ಐದೂವರೆಗೆ ಬೀಚಿಗೆ ಹೊರಟರೆ ಕತ್ತಲೆಯಲ್ಲಿ ತಲುಪುತ್ತೀರಿ. ನೀರಿನೊಳಗಿನ ಚಟುವಟಿಕೆಗಳನ್ನು ಬೆಳಿಗ್ಗೆ ಆರರಿಂದ ಹತ್ತರೊಳಗೆ ಮುಗಿಸುವಂತೆ, ನಡು ಮಧ್ಯಾಹ್ನ ನೆರಳಿನಲ್ಲಿರುವಂತೆ, ಮೂರು ಗಂಟೆಗೆ ಮತ್ತೆ ಹೊರಬೀಳುವಂತೆ ದಿನವನ್ನು ಕಟ್ಟಿಕೊಳ್ಳಿ. ದಿನಕ್ಕೆ ಒಂದು ದೊಡ್ಡ ಚಟುವಟಿಕೆ ಸಾಕು.

ಈಜು ಬಾರದವರು ಸ್ಕೂಬಾ ಡೈವಿಂಗ್ ಮಾಡಬಹುದೇ?

ಮಾಡಬಹುದು. ಸ್ಕೂಬಾ ಎಂದರೆ ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಉಸಿರಾಡುತ್ತ ನೀರಿನಡಿಗೆ ಇಳಿಯುವುದು. ಪ್ರಮಾಣಪತ್ರವಿಲ್ಲದವರಿಗಾಗಿ ನಡೆಸುವ ಪರಿಚಯದ ಡೈವ್‌ನಲ್ಲಿ ತರಬೇತುದಾರರು ಉದ್ದಕ್ಕೂ ಜೊತೆಗಿರುತ್ತಾರೆ, ಮತ್ತು ಆಳದ ಮಿತಿ 12 ಮೀಟರ್. ಹಾಗಿದ್ದರೂ ಈಜು ಬಾರದೆ ಹೋಗುವುದಕ್ಕೂ ನೀರಿನಲ್ಲಿ ತೇಲಲು ಕಲಿತು ಹೋಗುವುದಕ್ಕೂ ಬಹಳ ಅಂತರವಿದೆ. ಈಜು ಬಾರದವರ ಗಮನವೆಲ್ಲ ಭಯದ ಮೇಲೆ ಇರುತ್ತದೆ. ಉಸಿರು ಬಿಗಿಯಾಗಿ ಸಿಲಿಂಡರಿನ ಗಾಳಿ ಬೇಗ ಮುಗಿಯುತ್ತದೆ, ಮತ್ತು ಮೀನುಗಳ ಹಿಂಡು ಕಣ್ಣೆದುರೇ ಹಾದುಹೋದರೂ ಅದು ನೆನಪಿನಲ್ಲಿ ಉಳಿಯುವುದಿಲ್ಲ.

ಹಿಂದೆ ನಮ್ಮಲ್ಲಿ ಮಕ್ಕಳಿಗೆ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿ ಕೆರೆಯಲ್ಲಿ ಈಜು ಕಲಿಸುತ್ತಿದ್ದರು. ಈಗ ಅದು ಅಪರೂಪವಾಗಿದ್ದು, ಕಡಲಿನಿಂದ ಅರ್ಧ ಮೈಲು ದೂರದಲ್ಲಿ ಬೆಳೆದೂ ಈಜು ಬಾರದವರ ಸಂಖ್ಯೆ ಕಡಿಮೆಯೇನಿಲ್ಲ. ಹೊರಡಲು ಒಂದೆರಡು ತಿಂಗಳಿರುವಾಗಲೇ ಮಂಗಳೂರಿನ ಮಂಗಳಾ ಈಜುಕೊಳ ಅಥವಾ ಉಡುಪಿಯ ಅಜ್ಜರಕಾಡಿನ ಈಜುಕೊಳಕ್ಕೆ ಹೋಗಿ, ಮುಖವನ್ನು ನೀರಿನಲ್ಲಿಟ್ಟು ನಿಧಾನವಾಗಿ ಉಸಿರು ಬಿಡುವುದನ್ನೂ ಅಂಗಾತ ತೇಲುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಉಪ್ಪುನೀರಿನಲ್ಲಿ ದೇಹ ಇನ್ನೂ ಸುಲಭವಾಗಿ ತೇಲುತ್ತದೆ.

ನೀರಿನೊಳಗೆ ಕಿವಿ ನೋಯುತ್ತದೆ ಎನ್ನುತ್ತಾರೆ. ಅದು ಅಪಾಯವೇ?

ನೋವು ಎಚ್ಚರಿಕೆಯ ಗಂಟೆ. ಅದನ್ನು ಕಡೆಗಣಿಸಿದಾಗಲೇ ಅಪಾಯ. ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಇರುವುದಕ್ಕಿಂತ 10 ಮೀಟರಿನಲ್ಲಿ ಒತ್ತಡ ಇಮ್ಮಡಿಯಾಗಿ, ಕಿವಿಯ ನಡುಭಾಗದಲ್ಲಿರುವ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ. ಹೋಲಿಕೆಯಲ್ಲಿ ಅತಿ ಹೆಚ್ಚು ಬದಲಾವಣೆ ಆಗುವುದು ಮೊದಲ ಕೆಲವು ಮೀಟರುಗಳಲ್ಲಿ, ಆದ್ದರಿಂದಲೇ ಎರಡು ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ಬಿಗಿಯುತ್ತದೆ. ಮೂಗನ್ನು ಹಿಡಿದು ಮೆಲ್ಲಗೆ ಊದಿದರೆ ಗಂಟಲಿನ ಕಡೆಯಿಂದ ಗಾಳಿ ಕಿವಿಗೆ ಹೋಗಿ ಒತ್ತಡ ಸರಿಹೊಂದುತ್ತದೆ. ಇದನ್ನು ನೋವು ಬಂದ ಮೇಲೆ ಮಾಡುವುದಲ್ಲ, ನೋವು ಬರುವ ಮೊದಲೇ, ಇಳಿಯುತ್ತ ಇಳಿಯುತ್ತ ಮಾಡುತ್ತಿರಬೇಕು. ಸರಿಹೊಂದದಿದ್ದರೆ ಕೈಸನ್ನೆ ಮಾಡಿ ಸ್ವಲ್ಪ ಮೇಲೆ ಬರಬೇಕೇ ಹೊರತು ಬಲವಾಗಿ ಊದಬಾರದು.

ನೆಗಡಿ ಇದ್ದರೆ ಈ ದಾರಿ ಕಟ್ಟಿಕೊಂಡಿರುತ್ತದೆ. ನನ್ನ ಮೊದಲ ಪ್ರವಾಸದಲ್ಲಿ ನನಗೆ ನೆಗಡಿಯಿತ್ತು. ಹಣ ಕಟ್ಟಿಯಾಗಿದೆ, ಮತ್ತೆ ಯಾವಾಗ ಬರುವುದು ಎಂದು ಯೋಚಿಸಿ ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ. ನಮ್ಮನ್ನು ಕರೆದೊಯ್ದ ಸಂಸ್ಥೆಯವರು ಕೇಳಲೂ ಇಲ್ಲ. ನಾಲ್ಕು ಮೀಟರ್ ದಾಟುವಾಗ ಸೂಜಿ ಚುಚ್ಚಿದಂತಾಯಿತು, ಆದರೂ ಸಹಿಸಿಕೊಂಡು ಕೆಳಗೆ ಹೋದೆ. ಊರಿಗೆ ಮರಳಿದ ಮೇಲೆ ಎರಡು ವಾರ ಆ ಕಿವಿ ಮಂದವಾಗಿತ್ತು, ಮತ್ತು ಪರೀಕ್ಷಿಸಿದ ವೈದ್ಯರು ಕಿವಿದಮಟೆ ಹರಿಯದೆ ಉಳಿದದ್ದು ಪುಣ್ಯ ಎಂದರು. ಒಂದು ಡೈವ್ ತಪ್ಪಿದರೆ ತಪ್ಪಲಿ ಎಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಕಿವಿಗಿಂತಲೂ ಮುಖ್ಯವಾದ ನಿಯಮ ಇನ್ನೊಂದಿದೆ. ಸಿಲಿಂಡರಿನಿಂದ ಉಸಿರಾಡುವಾಗ ಎಂದಿಗೂ ಉಸಿರು ಹಿಡಿಯಬಾರದು. ಮೇಲೇರುತ್ತಿದ್ದಂತೆ ಒತ್ತಡ ಇಳಿದು ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಅದಕ್ಕೆ ಹೊರಬರಲು ದಾರಿಯಿರಬೇಕು.

ಯಾರು ಡೈವಿಂಗ್ ಮಾಡಬಾರದು?

ಆಸ್ತಮಾ, ಹೃದಯದ ತೊಂದರೆ, ಅಪಸ್ಮಾರ, ಕಿವಿಯ ಶಸ್ತ್ರಚಿಕಿತ್ಸೆ, ಶ್ವಾಸಕೋಶದ ಹಿಂದಿನ ಕಾಯಿಲೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಇಳಿಯಬಾರದು. ಗರ್ಭಿಣಿಯರು ಡೈವಿಂಗ್ ಮಾಡಲೇಬಾರದು. ಆ ಒಪ್ಪಿಗೆ ಪತ್ರವನ್ನು ದ್ವೀಪಕ್ಕೆ ಹೋದ ಮೇಲೆ ಹುಡುಕುವ ಬದಲು, ನಿಮ್ಮ ಕಾಯಿಲೆಯ ಹಿನ್ನೆಲೆ ಬಲ್ಲ ಊರಿನ ವೈದ್ಯರಿಂದಲೇ ಪಡೆದುಕೊಂಡು ಹೋಗಿ.

ಒಂದೇ ಡೈವ್‌ಗೆ ಒಂದೊಂದು ಕಡೆ ಒಂದೊಂದು ದರ ಹೇಳುತ್ತಾರೆ. ಅಗ್ಗದ್ದನ್ನು ಆರಿಸಬಹುದೇ?

ದರದ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಕಾರಣಗಳಿರುತ್ತವೆ: ದಡದಿಂದ ಇಳಿಸುವುದೋ ದೋಣಿಯಲ್ಲಿ ಕರೆದೊಯ್ಯುವುದೋ, ಎಷ್ಟು ನಿಮಿಷ ನೀರಿನೊಳಗೆ, ಒಬ್ಬ ತರಬೇತುದಾರನಿಗೆ ಎಷ್ಟು ಜನ. ಇವುಗಳಲ್ಲಿ ಕೊನೆಯದೇ ನಿರ್ಣಾಯಕ. ಮೊದಲ ಸಲದವರಿಗೆ ಒಬ್ಬರಿಗೆ ಒಬ್ಬ ತರಬೇತುದಾರ ಇರಬೇಕೆಂದು ನಾನು ಒತ್ತಾಯಿಸುತ್ತೇನೆ. ಪಾಡಿ ಅಥವಾ ಎಸ್‌ಎಸ್‌ಐನಂತಹ ಅಂತಾರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ತರಬೇತುದಾರರಿಗೆ ಇದೆಯೇ, ಆರೋಗ್ಯದ ಪ್ರಶ್ನಾವಳಿ ತುಂಬಿಸುತ್ತಾರೆಯೇ, ಎದೆಮಟ್ಟದ ನೀರಿನಲ್ಲಿ ಮೊದಲು ಅಭ್ಯಾಸ ಮಾಡಿಸುತ್ತಾರೆಯೇ, ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ ಎಂದು ನೇರವಾಗಿ ಕೇಳಿ. ಈ ಪ್ರಶ್ನೆಗಳಿಗೆ ಬೇಸರಪಡುವವರಲ್ಲಿ ಹಣ ಕಟ್ಟಬೇಡಿ. ಫೋಟೋ ಮತ್ತು ವಿಡಿಯೋ ಬಗ್ಗೆಯೇ ಹೆಚ್ಚು ಮಾತನಾಡುವವರಿಂದಲೂ ದೂರವಿರಿ.

ಮಕ್ಕಳಿಗೆ ಮತ್ತು ಹಿರಿಯರಿಗೆ ಏನಿದೆ?

ಸ್ಕೂಬಾಕ್ಕೆ ಕನಿಷ್ಠ ವಯಸ್ಸು 10 ವರ್ಷ, ಅದಕ್ಕಿಂತ ಚಿಕ್ಕವರಿಗೆ ಲೈಫ್ ಜಾಕೆಟ್ ತೊಡಿಸಿ ಆಳವಿಲ್ಲದ ಕಡೆ ಸ್ನಾರ್ಕೆಲಿಂಗ್ ಮಾಡಿಸಬಹುದು. ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್ ಅದಕ್ಕೆ ಹೆಸರುವಾಸಿ. ಹಿರಿಯರಿಗೆ ಶಹೀದ್ ದ್ವೀಪದ ಭರತ್‌ಪುರ ಬೀಚಿನ ಗಾಜಿನ ತಳದ ದೋಣಿ ಹೊಂದುತ್ತದೆ. ಕುಳಿತಲ್ಲಿಂದಲೇ ಹವಳವನ್ನು ನೋಡಬಹುದು. ಆದರೆ ಧಕ್ಕೆಯಿಂದ ಅಲುಗಾಡುವ ದೋಣಿಗೆ ಕಾಲಿಡುವುದು ಮಂಡಿನೋವಿನವರಿಗೆ ನಿಜವಾದ ಕಷ್ಟ. ಹೊರಡುವ ಮುನ್ನ ಅವರಲ್ಲಿ ಇದನ್ನು ಮುಚ್ಚಿಡದೆ ಹೇಳಿ.

ಹೊರಡುವ ಮೊದಲು ನಮ್ಮ ಊರಿನಲ್ಲೇ ಅಭ್ಯಾಸ ಮಾಡಿಕೊಳ್ಳಬಹುದೇ?

ಖಂಡಿತ, ಮತ್ತು ಇದನ್ನು ನಾನು ಮನಸ್ಸಾರೆ ಬಯಸುತ್ತೇನೆ. ಸಾವಿರಾರು ರೂಪಾಯಿ ತೆತ್ತು ಅಂಡಮಾನಿಗೆ ಹೋಗುವ ಅನೇಕರು ಮನೆಯ ಮುಂದಿನ ಕಡಲಿನಲ್ಲಿ ಒಮ್ಮೆಯೂ ಹುಟ್ಟು ಹಾಕಿರುವುದಿಲ್ಲ.

ಕಯಾಕಿಂಗ್ ಕಲಿಯಲು ಸಾಲಿಗ್ರಾಮದ ಸಮೀಪ ಸೀತಾನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಅವಕಾಶವಿದೆ. ನೀರು ಹೆಚ್ಚು ಕದಡುವುದಿಲ್ಲವಾದ್ದರಿಂದ ಹೊಸಬರಿಗೆ ಧೈರ್ಯ ಬರುತ್ತದೆ. ತೆರೆಗಳನ್ನು ಅರಿಯಬೇಕೆಂದರೆ ಮೂಲ್ಕಿ ಮತ್ತು ಸಸಿಹಿತ್ಲುಗಳ ಸರ್ಫಿಂಗ್ ತರಬೇತಿಗೆ ಸೇರಿ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಸಸಿಹಿತ್ಲಿನಲ್ಲೇ. ತೆರೆ ಮುರಿಯುವ ಜಾಗ ಯಾವುದು, ನೀರು ಹಿಂದಕ್ಕೆ ಸೆಳೆಯುವ ಜಾಗ ಯಾವುದು ಎಂದು ಗುರುತಿಸುವ ಕಣ್ಣು ಒಂದೇ ವಾರದಲ್ಲಿ ಬೆಳೆಯುತ್ತದೆ, ಮತ್ತು ಆ ಕಣ್ಣು ಎಲ್ಲ ಕಡಲುಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ದೊರೆತ ಬ್ಲೂ ಫ್ಲ್ಯಾಗ್ ಮಾನ್ಯತೆ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಗುರುತು) ಅದೇ ಸಲ ಸ್ವರಾಜ್ ದ್ವೀಪದ ರಾಧಾನಗರ ಬೀಚಿಗೂ ದೊರೆಯಿತು. ಜೀವರಕ್ಷಕರಿರುವ, ಈಜುವ ಮಿತಿಯನ್ನು ಗುರುತಿಸಿರುವ ತೀರದಲ್ಲಿ ಹೇಗೆ ವರ್ತಿಸಬೇಕೆಂಬುದನ್ನು ಮಕ್ಕಳಿಗೆ ಪಡುಬಿದ್ರಿಯಲ್ಲೇ ಕಲಿಸಬಹುದು.

ಸೇಂಟ್ ಮೇರೀಸ್ ದ್ವೀಪವನ್ನು ಈಜಿನ ಅಭ್ಯಾಸಕ್ಕೆ ಆರಿಸಬೇಡಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಲಾವಾ ತಣಿದು ನಿಂತ ಆ ಕಲ್ಲಿನ ಕಂಬಗಳನ್ನು ನೋಡಲು ಹೋಗಬೇಕು, ಆದರೆ ಅವುಗಳ ಪಾಚಿಗಟ್ಟಿದ ಅಂಚು ಮತ್ತು ಬಂಡೆಗಳ ನಡುವಿನ ಸೆಳೆತ ಹಲವು ಜೀವಗಳನ್ನು ತೆಗೆದುಕೊಂಡಿವೆ.

ಸ್ಕೂಬಾಕ್ಕೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ಇದೆ. ಉಡುಪಿಯಿಂದ ಮುಂಜಾನೆ ಹೊರಟು ಸಂಜೆಗೆ ಮರಳಬಹುದು. ನೇತ್ರಾಣಿಯಲ್ಲಿ ಒಮ್ಮೆ ಇಳಿದು, ತಮಗೆ ಇದು ಒಗ್ಗುತ್ತದೆಯೇ ಇಲ್ಲವೇ ಎಂದು ತಿಳಿದುಕೊಂಡವರು ಅಂಡಮಾನಿನಲ್ಲಿ ಸರಿಯಾದ ಆಯ್ಕೆ ಮಾಡುತ್ತಾರೆ. ಒಗ್ಗಿದರೆ ಸ್ವರಾಜ್ ದ್ವೀಪದಲ್ಲಿ ಮೂರು ನಾಲ್ಕು ದಿನ ಇದ್ದು 18 ಮೀಟರ್‌ವರೆಗೆ ಇಳಿಯಲು ಅರ್ಹತೆ ಕೊಡುವ ಓಪನ್ ವಾಟರ್ ಕೋರ್ಸನ್ನೇ ಮಾಡಬಹುದು. ಚದುರಿದ ಹತ್ತು ಚಟುವಟಿಕೆಗಳಿಗಿಂತ ಅದೊಂದೇ ಹೆಚ್ಚು ಬಾಳುವಂಥದ್ದು ಎಂಬುದು ನನ್ನ ಅಭಿಪ್ರಾಯ.

ಡೈವಿಂಗ್ ಆದ ಮೇಲೆ ವಿಮಾನ ಹತ್ತಲು ಎಷ್ಟು ಹೊತ್ತು ಕಾಯಬೇಕು?

ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ಪೂರ್ತಿ ಒಂದು ದಿನ ಬಿಡುವುದು ಇನ್ನೂ ಒಳ್ಳೆಯದು. ಒತ್ತಡದಲ್ಲಿ ರಕ್ತಕ್ಕೂ ಅಂಗಾಂಶಗಳಿಗೂ ಸೇರಿದ ಸಾರಜನಕ ಮೆಲ್ಲಗೆ ಹೊರಹೋಗಬೇಕು. ಅದಕ್ಕೆ ಮೊದಲೇ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ಸೋಡಾ ಬಾಟಲಿಯ ಮುಚ್ಚಳ ತೆರೆದಂತೆ, ದೇಹದೊಳಗೆ ಗುಳ್ಳೆಗಳೇಳಬಹುದು.

ನಮ್ಮ ಕಡೆಯವರು ಗಮನಿಸದ ಸಂಗತಿಯೊಂದು ಇಲ್ಲಿದೆ. ಎತ್ತರ ಎಂದರೆ ವಿಮಾನ ಮಾತ್ರವಲ್ಲ, ಘಟ್ಟವೂ ಹೌದು. ಸುಮಾರು 600 ಮೀಟರ್ ಮೀರಿದ ಎತ್ತರಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ, ಮತ್ತು ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ನೇತ್ರಾಣಿಯಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ಅದೇ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವ ಅಭ್ಯಾಸವನ್ನು ಬಿಡಬೇಕು. ಒಂದು ರಾತ್ರಿ ಕರಾವಳಿಯಲ್ಲೇ ತಂಗಿ.

ಅಂಡಮಾನಿನ ಬೀಚುಗಳಲ್ಲಿ ಸುಮ್ಮನೆ ನೀರಿಗಿಳಿದು ಈಜಬಹುದೇ?

ಸೂಚನಾ ಫಲಕ ಮತ್ತು ಜೀವರಕ್ಷಕರು ಇರುವ ಕಡೆ, ಹಗಲಿನಲ್ಲಿ ಮಾತ್ರ. ಅಂಡಮಾನಿನ ಕಾಂಡ್ಲಾ ವನಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅವು ತೆರೆದ ಕಡಲಿನಲ್ಲೂ ಈಜಬಲ್ಲವು. 2010ರಲ್ಲಿ ಸ್ವರಾಜ್ ದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಯ ದಾಳಿಗೆ ಬಲಿಯಾದರು. ಇಂಥ ಘಟನೆ ವಿರಳ, ಹಾಗೆಂದು ಅಳಿವೆಯ ಬಾಯಿ, ತೊರೆ ಕಡಲಿಗೆ ಸೇರುವ ಜಾಗ, ಮುಸ್ಸಂಜೆಯ ಹೊತ್ತು ಇವುಗಳಿಂದ ದೂರವಿರಬೇಕೆಂಬ ಎಚ್ಚರ ತಪ್ಪಬಾರದು. ನಮ್ಮ ಅಳಿವೆಗಳಲ್ಲಿ ಭಯಪಡಬೇಕಾದದ್ದು ಸುಳಿಗೆ, ಅಲ್ಲಿ ಸುಳಿಯೊಂದಿಗೆ ಇನ್ನೊಂದೂ ಇದೆ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರವಾಗಿ ಈಜಲು ಹೋಗಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಹೋಗಿ, ಎಳೆತ ಕಡಿಮೆಯಾದ ಮೇಲೆ ಓರೆಯಾಗಿ ದಡಕ್ಕೆ ತಿರುಗಿ. ಈಜಲಾರದವರು ತೇಲುತ್ತ ಕೈಯೆತ್ತಿ ಕರೆಯಬೇಕು.

ಭರತ ಇಳಿತಗಳ ವೇಳೆಯನ್ನೂ ನೋಡಿಕೊಳ್ಳಿ. ಶಹೀದ್ ದ್ವೀಪದ ಲಕ್ಷ್ಮಣಪುರದ ಬಳಿ ಇರುವ ಸಹಜ ಕಲ್ಲು ಸೇತುವೆಗೆ ನಡೆದುಹೋಗಲು ನೀರು ಇಳಿದಿರಬೇಕು. ಅದೇ ಇಳಿತದ ಹೊತ್ತಿನಲ್ಲಿ ಸ್ನಾರ್ಕೆಲಿಂಗ್‌ಗೆ ಹೋದರೆ ಹವಳಕ್ಕೆ ಮೈ ತಾಗಿ ನಿಮಗೂ ಗಾಯ, ಹವಳಕ್ಕೂ ಗಾಯ.

ರಾತ್ರಿ ಹೊಳೆಯುವ ನೀರಿನಲ್ಲಿ ಕಯಾಕಿಂಗ್ ಮಾಡುವುದು ನಿಜವೇ?

ನಿಜ. ಸ್ವರಾಜ್ ದ್ವೀಪದ ಹಿನ್ನೀರಿನಲ್ಲಿ ಹುಟ್ಟು ನೀರಿಗೆ ತಾಗಿದೊಡನೆ ನೀಲಿ ಬೆಳಕು ಚಿಮ್ಮುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಲುಗಾಟಕ್ಕೆ ಪ್ರತಿಕ್ರಿಯಿಸಿ ಬೆಳಕು ಹೊಮ್ಮಿಸುವುದೇ ಇದಕ್ಕೆ ಕಾರಣ. ನಮ್ಮ ಕರಾವಳಿಯ ಅಲೆಗಳೂ ಕೆಲವು ವರ್ಷ ಹೀಗೆ ಹೊಳೆದದ್ದನ್ನು ನೀವು ಕಂಡಿರಬಹುದು. ಬೆಳದಿಂಗಳಿದ್ದರೆ ಆ ಬೆಳಕು ಕಾಣಿಸುವುದಿಲ್ಲ. ಆದ್ದರಿಂದ ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯನ್ನು ನೋಡಿ, ಅದರ ಹಿಂದುಮುಂದಿನ ನಾಲ್ಕು ದಿನಗಳಿಗೆ ಸ್ವರಾಜ್ ದ್ವೀಪವನ್ನು ಹೊಂದಿಸಿ. ಮೊಸಳೆಯ ಕಾರಣದಿಂದ ಅನುಭವಿ ಮಾರ್ಗದರ್ಶಕರಿಲ್ಲದೆ ಹೋಗುವ ಮಾತೇ ಇಲ್ಲ.

ನೀರಿನ ಚಟುವಟಿಕೆ ಬೇಡ ಎನ್ನುವವರಿಗೆ ಚಾರಣ ಇದೆಯೇ?

ಉತ್ತರ ಅಂಡಮಾನಿನ ದಿಗ್ಲಿಪುರದ ಬಳಿಯ ಸ್ಯಾಡಲ್ ಪೀಕ್ ದ್ವೀಪಸಮೂಹದ ಅತ್ಯುನ್ನತ ಶಿಖರ. ಎತ್ತರ 732 ಮೀಟರ್. ಕೊಡಚಾದ್ರಿಯ 1,343 ಮೀಟರಿಗೆ ಹೋಲಿಸಿ ಇದು ಸಣ್ಣದೆಂದು ತೀರ್ಮಾನಿಸಬೇಡಿ. ಸ್ಯಾಡಲ್ ಪೀಕ್‌ನ ದಾರಿ ಕಡಲ ದಂಡೆಯಿಂದಲೇ ಆರಂಭವಾಗುವುದರಿಂದ 732 ಮೀಟರನ್ನೂ ಕಾಲಿನಲ್ಲೇ ಏರಬೇಕು, ಅದೂ ಬೆವರು ಆರದ ಸೆಕೆಯಲ್ಲಿ. ಶ್ರೀ ವಿಜಯಪುರಂನಿಂದ ದಿಗ್ಲಿಪುರಕ್ಕೆ ಹೋಗುವುದಕ್ಕೇ ಒಂದು ದಿನ ಬೇಕಾದ್ದರಿಂದ ಹತ್ತು ದಿನದ ಪ್ರವಾಸವಿದ್ದರೆ ಮಾತ್ರ ಇದನ್ನು ಸೇರಿಸಿಕೊಳ್ಳಿ. ಕಡಿಮೆ ದಿನವಿರುವವರಿಗೆ ಹಿಂದೆ ಮೌಂಟ್ ಹ್ಯಾರಿಯಟ್ ಎನ್ನಲಾಗುತ್ತಿದ್ದ ಮೌಂಟ್ ಮಣಿಪುರದ ಕಾಡುದಾರಿ ಇದೆ. ಇಂಬಳಗಳಿಗೆ ಆಗುಂಬೆಯಲ್ಲಿ ಮಾಡುವ ಸಿದ್ಧತೆಯೇ ಸಾಕು.

ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆಗಳಿಗೆ ರಸ್ತೆಯಲ್ಲಿ ಹೋಗುವವರು ಜಾರವಾ ಸಮುದಾಯದ ಮೀಸಲು ಪ್ರದೇಶವನ್ನು ನಿಗದಿತ ವೇಳೆಯ ಬೆಂಗಾವಲಿನಲ್ಲಿ ದಾಟಬೇಕು. ಅಲ್ಲಿ ವಾಹನ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಮೂಲನಿವಾಸಿಗಳ ರಕ್ಷಣೆಗೆ 1956ರಿಂದಲೇ ಕಾನೂನಿದೆ. ಅವರನ್ನು ನೋಡುವ ಆಸೆಯಿಂದಲೇ ಆ ದಾರಿ ಹಿಡಿಯುವವರಿದ್ದರೆ ದಯಮಾಡಿ ಹೋಗಬೇಡಿ. ಅದು ಅವರ ಮನೆಯಂಗಳ.

ಹಡಗಿನಲ್ಲಿ ತಲೆಸುತ್ತು, ವಾಂತಿ ಬರುವವರು ಏನು ಮಾಡಬೇಕು?

ನಡುಭಾಗದ ಆಸನವನ್ನು ಕೇಳಿ ಪಡೆಯಿರಿ, ಫೋನ್ ನೋಡಬೇಡಿ, ಕಡಲು ಆಕಾಶ ಸೇರುವ ಗೆರೆಯತ್ತ ದೃಷ್ಟಿ ಇಡಿ, ಹೊರಡುವ ಮೊದಲು ಎಣ್ಣೆ ತಿಂಡಿ ಬೇಡ. ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳುವುದಾದರೆ ಹಡಗು ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ತರಿಸುವ ಮಾತ್ರೆ ನುಂಗಿದ ದಿನ ಡೈವಿಂಗ್ ಬೇಡ.

ಸಣ್ಣ ದೋಣಿಗಳಲ್ಲಿ ಲೈಫ್ ಜಾಕೆಟ್ ನಿಜವಾಗಿಯೂ ಬೇಕೇ?

ಬೇಕು. ಕಟ್ಟಿಕೊಂಡಿರಬೇಕು, ಆಸನದ ಕೆಳಗಿದ್ದರೆ ಸಾಲದು. 2014ರ ಜನವರಿ 26ರಂದು ಪೋರ್ಟ್ ಬ್ಲೇರಿನ ಬಳಿ ಮಿತಿಮೀರಿ ಜನರನ್ನು ತುಂಬಿಸಿಕೊಂಡ ಪ್ರವಾಸಿ ದೋಣಿಯೊಂದು ಮುಳುಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ದೋಣಿಯ ಸಾಮರ್ಥ್ಯವನ್ನು ಕೇಳಿ, ತಲೆಗಳನ್ನು ಎಣಿಸಿ. ಲೆಕ್ಕ ಮೀರಿದ್ದರೆ ಹತ್ತದಿರುವ ಹಕ್ಕು ನಿಮಗಿದೆ.

ಶಂಖ, ಹವಳದ ತುಂಡುಗಳನ್ನು ನೆನಪಿಗೆಂದು ತರಬಹುದೇ?

ಬೇಡ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತ ತುಂಡಾದರೂ ತರುವುದು ಅಪರಾಧ. ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ತಪಾಸಣೆ ಮಾಡುತ್ತಾರೆ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಬಿಸಿಲಿಗೆ ಕ್ರೀಮನ್ನು ಮೈತುಂಬ ಬಳಿಯುವ ಬದಲು ತುಂಬುತೋಳಿನ ಈಜುಡುಗೆ ತೊಡುವುದು ಹವಳಕ್ಕೂ ಚರ್ಮಕ್ಕೂ ಹಿತ.

ಫೋನ್, ಹಣ, ವಿಮೆ?

2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಕಡಲಡಿಯ ಕೇಬಲ್ ಬಂದ ಮೇಲೆ ಸಂಪರ್ಕ ಬಹಳ ಸುಧಾರಿಸಿದೆ, ಆದರೂ ನಗದು ಹಣ ಕೈಯಲ್ಲಿರಲಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅನೇಕವು ಸಾಹಸ ಚಟುವಟಿಕೆಗಳನ್ನು ಹೊರಗಿಡುತ್ತವೆ. ಸ್ಕೂಬಾ ಎಂಬ ಪದ ಒಳಗೊಂಡಿದೆಯೇ ಎಂದು ಪಾಲಿಸಿಯಲ್ಲಿ ಓದಿ ನೋಡಿ.

ಊರಿಗೆ ಮರಳಿದ ಮೇಲೆ ಮೈಕೈ ನೋವು ಬಂದರೆ ಅದನ್ನು ದಣಿವೆಂದು ಭಾವಿಸಬಹುದೇ?

ಡೈವಿಂಗ್ ಆದ ಒಂದೆರಡು ದಿನಗಳಲ್ಲಿ ಕೀಲುಗಳಲ್ಲಿ ಆಳವಾದ ನೋವು, ಚರ್ಮದಲ್ಲಿ ತುರಿಕೆ ಅಥವಾ ಕಲೆ, ಕೈಕಾಲು ಜೋಮು, ತಲೆಸುತ್ತು, ಅಸಹಜ ಸುಸ್ತು ಕಂಡರೆ ಕಾಯಬೇಡಿ. ಇವು ಮೇಲೆ ಹೇಳಿದ ಸಾರಜನಕದ ಗುಳ್ಳೆಗಳ ಲಕ್ಷಣವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ, ಎಷ್ಟು ಆಳಕ್ಕೆ ಇಳಿದಿರಿ, ಎಷ್ಟು ಹೊತ್ತು ಇದ್ದಿರಿ, ಎಷ್ಟು ಗಂಟೆಗೆ ವಿಮಾನ ಹತ್ತಿದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಹೇಳದಿದ್ದರೆ ಜ್ವರದ ಮೈನೋವೆಂದು ಚಿಕಿತ್ಸೆ ಕೊಟ್ಟು ಕಳುಹಿಸುವ ಸಾಧ್ಯತೆಯಿದೆ. ಈ ವಿವರಗಳನ್ನು ಡೈವ್ ಮುಗಿದ ದಿನವೇ, ತರಬೇತುದಾರರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.